ಸಾಲು ಬಿಡದ ಹುಡುಗಿಯರು

ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ನಿಂಬೆಯ ವಾಸನೆ ಮೂಗಿಗಿಂತ ಮೊದಲು ಹಲ್ಲಿಗೆ ತಾಗುತ್ತದೆ. ಕಳೆದ ತಿಂಗಳು ಪರೀಕ್ಷೆಯ ಮೇಲ್ವಿಚಾರಣೆಗೆಂದು ವಿಜಯಪುರದಿಂದ ಅಲ್ಲಿಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆ. ಹಮಾಲನೊಬ್ಬ ಇಳಿಸುತ್ತಿದ್ದ ಚೀಲದಿಂದ ನಾಲ್ಕಾರು ಹಣ್ಣು ರಸ್ತೆಗೆ ಉರುಳಿದವು. ಒಂದರ ಮೇಲೆ ಟಂಟಂ ಆಟೊದ ಗಾಲಿ ಹಾಯಿತು. ಆ ಕಟುವಾದ ವಾಸನೆ ಎದ್ದದ್ದೇ, ನನಗೆ ಬಿರುಕುಬಿಟ್ಟ ಎರೆಮಣ್ಣಿನ ಮೈದಾನವೂ, ಅದರ ದಂಡೆಯಲ್ಲಿ ಕುಳಿತು ನಿಂಬೆಹೋಳು ಚೀಪುತ್ತಿದ್ದ ಏಳು ಹುಡುಗಿಯರೂ ನೆನಪಾದರು.

"ಮ್ಯಾನೇಜರ್ ಮೇಡಂ ಅಲ್ಲೇನ್ರಿ?"

ಅಂಗಡಿಯ ಗದ್ದುಗೆಯ ಮೇಲಿಂದ ಕೂಗಿದವರು ಬಾಗವಾನ ಚಾಚಾ. ನಿಂಬೆಯ ಸಗಟು ವ್ಯಾಪಾರಿ, ಆ ಏಳು ಹುಡುಗಿಯರಲ್ಲಿ ಒಬ್ಬಳಾದ ಶಾಹೀನಳ ತಂದೆ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೆಯೇ ಇತ್ತು. ನನ್ನನ್ನು ಕೂರಿಸಿ, ಪಕ್ಕದ ಅಂಗಡಿಯವನಿಗೆ ಪರಿಚಯಿಸಿದರು: "ಇವ್ರು ನೋಡಪಾ, ಆ ಬ್ಯಾಸರದ ಟೀಮಿನ ಮ್ಯಾನೇಜರ್. ಒಂದ ಮ್ಯಾಚೂ ಸೋಲಲಿಲ್ಲ, ಒಂದ ಮ್ಯಾಚೂ ನೋಡಾಕಾಗಲಿಲ್ಲ."

ನಾನು ನಕ್ಕೆ. ಆದರೆ ಒಪ್ಪಲಿಲ್ಲ. ಇಷ್ಟು ವರ್ಷವಾದ ಮೇಲೂ ಒಪ್ಪುವುದಿಲ್ಲ.

ಕೊರೋನಾ ಮುಗಿದ ಮೇಲಿನ ಎರಡನೆಯ ಚಳಿಗಾಲ ಅದು. ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಇತಿಹಾಸಕ್ಕೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಹುಡುಗಿಯರ ತಂಡದ ಜೊತೆ ಒಬ್ಬ ಮಹಿಳೆ ಹೋಗಲೇಬೇಕು ಎಂಬ ನಿಯಮವಿತ್ತು. ಕಾಲೇಜಿನಲ್ಲಿ ಬೇಡ ಎನ್ನಲಾಗದ ಹೊಸಬಳು ನಾನೊಬ್ಬಳೇ. ಹಾಗಾಗಿ ದೀಪಾವಳಿಯ ಮರುವಾರ, ರಗ್ಬಿ ಎಂದರೆ ಏನೆಂದೇ ಗೊತ್ತಿಲ್ಲದ ನಾನು ರಗ್ಬಿ ತಂಡದ ಮ್ಯಾನೇಜರ್ ಆದೆ. ಆ ಒಂದು ಹಿಂಗಾರಿಯಷ್ಟೇ ನನ್ನ ಅಧಿಕಾರಾವಧಿ. ಜೋಳ ಮೊಣಕಾಲೆತ್ತರ ಇದ್ದಾಗ ಶುರುವಾಯಿತು, ಜೋಳ ಕೀಳುವ ಹೊತ್ತಿಗೆ ಮುಗಿಯಿತು.

ಇತಿಹಾಸ ಓದಿದವಳಾದ್ದರಿಂದ ನೆನಪನ್ನು ನಾನು ಸಾಕ್ಷಿಯಾಗಿ ಸುಲಭವಾಗಿ ನಂಬುವುದಿಲ್ಲ. ನನ್ನ ನೆನಪಿನಲ್ಲಿ ಆ ಋತುವಿನ ಪಂದ್ಯಗಳೆಲ್ಲ ಹೊಂಬಿಸಿಲಿನಲ್ಲೇ ನಡೆದಿವೆ. ಆದರೆ ಮುದ್ದೇಬಿಹಾಳದ ಪಂದ್ಯದ ಫೋಟೋದಲ್ಲಿ ನಾನು ಕಿವಿ ಮುಚ್ಚುವಂತೆ ಶಾಲು ಹೊದ್ದು ನಿಂತಿದ್ದೇನೆ, ಹಿಂದಿನ ಆಕಾಶ ಬೂದಿ ಬಣ್ಣಕ್ಕಿದೆ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಇಂಡಿಯಲ್ಲಿ ಗೆದ್ದ ದಿನ ಅದರಲ್ಲಿ ಇರುವುದು ಎರಡೇ ಪದ: "ಇವತ್ತೂ ಅದೇ." ಅದು ಸಂತೋಷವೋ, ಸುಸ್ತೋ, ಬೇಸರವೋ ಈಗ ಹೇಳಲಾರೆ. ಆದ್ದರಿಂದ ಇದನ್ನು ಬರೆಯುವಾಗ ನನಗೆ ಬೇಕಾದಂತೆ ನೆನಪಾಗುತ್ತಿದೆಯೇ ಎಂದು ಆಗಾಗ ನಿಂತು ಕೇಳಿಕೊಳ್ಳಬೇಕಾಗಿದೆ.

ನಮ್ಮ ತರಬೇತುದಾರರು ನದಾಫ್ ಸರ್, ಮುದ್ದೇಬಿಹಾಳದವರು. ಸಿಂದಗಿಯಲ್ಲಿ ಕೋಣೆ ಮಾಡಿಕೊಂಡಿದ್ದರು. ಒಂದು ಶಿಬಿರಕ್ಕೆ ಹೋಗಿ ಆಟ ಕಲಿತು ಬಂದು, ಉಳಿದದ್ದನ್ನು ಮೊಬೈಲಿನಲ್ಲಿ ನೋಡಿ ತುಂಬಿಕೊಂಡಿದ್ದರು. ಮೊದಲ ದಿನ ಎರಡೂ ತುದಿ ಚೂಪಾದ ಚೆಂಡನ್ನು ಎತ್ತಿ ಹಿಡಿದು ನಿಯಮ ಹೇಳಿದರು. "ನೋಡ್ರವ್ವಾ, ಚೆಂಡ ಮುಂದಕ್ಕ ಒಗಿಯಾಂಗಿಲ್ಲ. ಬಾಜೂಕ ಒಗೀರಿ, ಹಿಂದಕ್ಕ ಒಗೀರಿ. ಮುಂದ ಹೋಗಬೇಕಂದ್ರ ಹಿಡಕೊಂಡ ಹೋಗಬೇಕು. ಕೆಡವಿದ್ರ ಚೆಂಡ ನೆಲಕ್ಕ ಬಿಡಬೇಕು, ನಿಮ್ಮಾಕಿ ಇನ್ನೊಬ್ಬಾಕಿ ಬಂದು ಎತ್ತಬೇಕು. ಆ ಕಡೀ ಗೆರಿ ದಾಟಿ ನೆಲಕ್ಕ ಮುಟ್ಟಿಸಿದ್ರ ಐದು ಪಾಯಿಂಟ್. ಇಷ್ಟ."

"ಇಷ್ಟ ಏನ್ರಿ ಸರ್?" ಎಂದವಳು ಮಹಾದೇವಿ. ಝಳಕಿ ಹತ್ತಿರದ ಹಳ್ಳಿಯವಳು. ಅಗಲ ಭುಜ, ಸಣ್ಣ ಮಾತು. ಮೊದಲ ದಿನವೇ ನಾಯಕಿಯಾದಳು, ಯಾರೂ ಆರಿಸದೆಯೇ.

ಅವರೆಲ್ಲ ಕಬಡ್ಡಿಯಿಂದ ಬಂದವರು. ಅದರ ಪರಿಣಾಮ ಮೊದಲ ಸ್ನೇಹಪಂದ್ಯದಲ್ಲಿ ಕಾಣಿಸಿತು. ಇಂಡಿಯ ಹುಡುಗಿಯೊಬ್ಬಳು ಓಡಿಬಂದು ಮಹಾದೇವಿಯ ತೋಳು ಸವರಿದಳು, ಹಿಡಿಯಲೂ ಇಲ್ಲ. ಮಹಾದೇವಿ ಚೆಂಡನ್ನು ಗೌರವದಿಂದ ನೆಲಕ್ಕಿಟ್ಟು, ಕೈ ಎತ್ತಿ, ಅಂಕಣದ ಹೊರಗೆ ನಡೆದಳು. ಮುಟ್ಟಿದರೆ ಔಟ್ ಎಂಬುದು ಅವಳ ಮೈಯಲ್ಲೇ ಕೂತಿತ್ತು. ಅವಳು ಹೋದದ್ದನ್ನು ನೋಡಿ ಇನ್ನಿಬ್ಬರು, ತಾವೂ ಮುಟ್ಟಿಸಿಕೊಂಡದ್ದು ನೆನಪಾಗಿ, ಪ್ರಾಮಾಣಿಕವಾಗಿ ಹೊರಗೆ ಬಂದರು. ನದಾಫ್ ಸರ್ ತಲೆಯ ಮೇಲೆ ಕೈ ಹೊತ್ತು ಕೂತರು. "ಯವ್ವಾ, ಒಳಗ ಹೋಗ್ರಿ! ಜೀವಂತ ಅದೀರಿ ಇನ್ನಾ!"

ಅಂದು ಮಗಳ ಆಟ ನೋಡಲು ಬಂದಿದ್ದ ಬಾಗವಾನ ಚಾಚಾ ನಕ್ಕು ನಕ್ಕು ನೆಲಕ್ಕೆ ಕೂತಿದ್ದರು. ಅದೇ ಅವರು ಮನಸಾರೆ ಆನಂದಿಸಿದ ನಮ್ಮ ಒಂದೇ ಪಂದ್ಯ ಎಂದು ಕಾಣುತ್ತದೆ.

ಇನ್ನು ಶಾಹೀನ್. ಸಣಕಲು ಹುಡುಗಿ, ಬಿ.ಕಾಂ. ಕೊನೆಯ ವರ್ಷ. ಅವಳು ಓಡಿದರೆ ಕಣ್ಣು ಹಿಂದೆ ಬೀಳುತ್ತಿತ್ತು. ಅಂಥವಳನ್ನು ಇಟ್ಟುಕೊಂಡೂ ನಮ್ಮ ಆಟ ಹಾಗೇಕಾಯಿತು ಎಂದರೆ ಉತ್ತರ ಮೈದಾನದಲ್ಲಿದೆ. ನಮ್ಮದು ಕಪ್ಪು ಎರೆನೆಲ. ಮಳೆ ನಿಂತಂತೆ ಬಿರಿಯುತ್ತದೆ. ಚಳಿಗಾಲ ಏರಿದಂತೆ ಕೈ ತೂರಿಸುವಷ್ಟು ಬಾಯಿ ಬಿಡುತ್ತದೆ. ಮೊದಲ ವಾರವೇ ಒಬ್ಬಳ ಪಾದ ಬಿರುಕಿನಲ್ಲಿ ಸಿಕ್ಕಿ ಉಳುಕಿತು. ನಡುಮೈದಾನದಲ್ಲಿ ಓಡುವುದು ಆಗದ ಮಾತು ಎಂದು ತಿಳಿಯಿತು. ಗಟ್ಟಿ ನೆಲ ಇದ್ದದ್ದು ಒಂದೇ ಕಡೆ, ಬೇಲಿಗುಂಟ ಬಂಡಿ ತಿರುಗಾಡಿ ಮಣ್ಣು ಕೂತಿದ್ದ ಸಣ್ಣ ಪಟ್ಟಿಯಲ್ಲಿ. ಅಲ್ಲಿ ಶಾಹೀನ್ ನಿಂತಳು. ಉಳಿದವರು ನಡುವೆ ಉಳಿದರು.

ನಡುವಿನವರು ಏನು ಮಾಡಬೇಕು? ಮಹಾದೇವಿಗೆ ಗೊತ್ತಿದ್ದ ಕೆಲಸವನ್ನೇ ಅವರು ಮಾಡಿದರು. ಜೋಳ ಕೀಳುವಾಗ ಹೆಂಗಸರು ಅಡ್ಡಸಾಲಾಗಿ ನಿಲ್ಲುತ್ತಾರೆ. ಯಾರೂ ಒಬ್ಬಳೇ ಮುಂದೆ ಹೋಗುವಂತಿಲ್ಲ. ಹೋದರೆ ತಿರುಗಿ ಬಂದು ಹಿಂದುಳಿದವಳ ಪಾಲನ್ನೂ ಕಿತ್ತುಕೊಡಬೇಕು. ನಮ್ಮವರು ಚೆಂಡನ್ನು ಹಾಗೆಯೇ ಒಯ್ದರು. ಒಬ್ಬಳು ಎರಡು ಹೆಜ್ಜೆ ನುಗ್ಗಿ ಬೀಳುವಳು. ಹಿಂದೆಯೇ ಇಬ್ಬರು ಅವಳ ಮೇಲೆ ಬಾಗಿ ಎದುರಾಳಿಗಳನ್ನು ತಳ್ಳಿ ಹಿಡಿಯುವರು. ಮೂರನೆಯವಳು ಚೆಂಡೆತ್ತಿ ಮತ್ತೆರಡು ಹೆಜ್ಜೆ. ಬಿದ್ದವಳು ಎದ್ದು ಹಿಂದೆ ಸೇರುವಳು. ಬೀಳು, ಬಿಡು, ಎತ್ತು, ನುಗ್ಗು. ಎದುರಿನವರಿಗೆ ಚೆಂಡೇ ಸಿಗುತ್ತಿರಲಿಲ್ಲ. ಹೀಗೆ ಇಡೀ ಅಂಕಣ ದಾಟಿ, ಗೆರೆಯಾಚೆ ಒಮ್ಮೆ ಬಿದ್ದರೆ ಐದು. ಬಹಳಷ್ಟು ಪಂದ್ಯ ನಾವು ಗೆದ್ದದ್ದು ಐದು ಸೊನ್ನೆಯಿಂದ.

ನಾಲ್ಕು ತಾಲ್ಲೂಕಿನ ತಂಡಗಳು ಊರೂರು ಸುತ್ತಿ ಆಡುವ ಪಂದ್ಯಾವಳಿ. ಹೋದಲ್ಲೆಲ್ಲ ನಮಗೆ ಬೈಗುಳ. ಮುದ್ದೇಬಿಹಾಳದಲ್ಲಿ ಒಬ್ಬ ಬೈಕಿನ ಮೇಲೆ ನಿಂತು ಕೂಗಿದ: "ಏ ಎದ್ದು ಓಡ್ರೇ! ಇದೇನ್ ಕಸಾ ತಗಿಯೂ ಆಟಾ ಏನು?"

ಪಂದ್ಯ ಮುಗಿದು ಹೊರಗೆ ಬರುವಾಗ ಮಹಾದೇವಿ ಅವನ ಬೈಕಿನ ಪಕ್ಕ ನಿಂತು, ಜಡೆಯಿಂದ ಮಣ್ಣು ಕೊಡವುತ್ತ ಹೇಳಿದಳು: "ಕಸಾ ತಗದ್ರ ಬೆಳಿ ಬರ್ತೈತ್ರಿ ಅಣ್ಣಾರ. ಐದ ಕ್ವಿಂಟಾಲ್ ಬಂತ ನೋಡ್ರಿ ಇವತ್ತ."

ಎಲ್ಲರಿಗಿಂತ ದೊಡ್ಡ ದನಿ ಮಾತ್ರ ನಮ್ಮವರದೇ, ಬಾಗವಾನ ಚಾಚಾರದು. ಪ್ರತಿ ಪಂದ್ಯಕ್ಕೂ ಒಂದು ಬುಟ್ಟಿ ನಿಂಬೆಹಣ್ಣು ತಂದು ಹುಡುಗಿಯರಿಗೆ ಹೋಳು ಮಾಡಿ ಕೊಡುವರು. ಆಮೇಲೆ ಗೆರೆಯ ಬಳಿ ನಿಂತು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತ ಅದೇ ಹುಡುಗಿಯರನ್ನು ಬೈಯುವರು. "ಸರ್ಕಾರಿ ಆಫೀಸಿನ ಫೈಲ್ ಇದ್ದಂಗ ಐತಿ ನಿಮ್ಮ ಚೆಂಡು! ಈ ಟೇಬಲ್ಲಿಂದ ಆ ಟೇಬಲ್ಲಿಗೆ, ಆ ಟೇಬಲ್ಲಿಂದ ಈ ಟೇಬಲ್ಲಿಗೆ! ನನ್ನ ಮಗಳು ಅಲ್ಲಿ ಬಾಗಲಾ ಕಾಯಾಕತ್ತಾಳ, ಅಕಿಗೂ ಒಂದ ಸಹಿ ಮಾಡಾಕ ಕೊಡ್ರವಾ!"

ನಕ್ಕರೂ ಅದು ನಿಜವಾದ ಮಾತು. ಒಂದು ಪಂದ್ಯದಲ್ಲೂ ಶಾಹೀನಳ ಕೈಗೆ ಚೆಂಡು ತಾಕುತ್ತಿರಲಿಲ್ಲ.

ನನಗೆ ಬೇಸರವಾಗುತ್ತಿರಲಿಲ್ಲ ಎಂದು ಹೇಳಿದರೆ ಪೂರ್ತಿ ಸತ್ಯವಲ್ಲ. ಮೊದಲೆರಡು ಪಂದ್ಯ ನಾನು ಎಲ್ಲರಂತೆ ಚೆಂಡನ್ನಷ್ಟೇ ನೋಡಿದೆ, ಆಕಳಿಸಿದೆ. ಮೂರನೆಯದರಲ್ಲಿ, ಚೆಂಡು ಹೇಗೂ ಕಾಣುತ್ತಿಲ್ಲವೆಂದು ಶಾಹೀನಳನ್ನು ನೋಡತೊಡಗಿದೆ. ಆಗ ಆಟ ತೆರೆದುಕೊಂಡಿತು. ಅವಳು ಸುಮ್ಮನೆ ನಿಂತಿರಲಿಲ್ಲ. ಸಾಲು ಒಂದು ಮಾರು ಮುಂದಾದರೆ ತಾನೂ ಒಂದು ಮಾರು. ಒಮ್ಮೆ ಒಳಗೆ ಬಾಗುವಳು, ಒಮ್ಮೆ ಹೊರಗೆ ಜಾರುವಳು, ಚೆಂಡು ಈಗ ಬಂದೀತು ಎಂಬಂತೆ ಕೈ ಚಾಚುವಳು. ಅವಳಿಗೆ ಹೆದರಿ ಎದುರು ತಂಡದ ಇಬ್ಬರು ಯಾವಾಗಲೂ ದಂಡೆಯಲ್ಲೇ ಕಟ್ಟಿಬಿದ್ದಿರುತ್ತಿದ್ದರು. ಏಳರಲ್ಲಿ ಇಬ್ಬರು ಅಲ್ಲಿ ಹೋದರೆ ನಡುವೆ ಉಳಿಯುವುದು ಐವರು. ನಮ್ಮವರು ಆರು. ಇಡೀ ಗೆಲುವಿನ ಗುಟ್ಟು ಚೆಂಡು ಮುಟ್ಟದವಳ ಕಾಲಲ್ಲಿತ್ತು. ಇದನ್ನು ಕಂಡಮೇಲೆ ಆ ಆಟ ಬೇಸರದ್ದೆಂದು ನಾನು ಹೇಗೆ ಹೇಳಲಿ? ಸಂಗೀತ ಕೇಳುವಾಗ ತಂಬೂರಿ ಬೇಸರ ಎಂದವರುಂಟೇ?

ಆದರೆ ತಂಬೂರಿ ಹಿಡಿದವಳನ್ನು ಕೇಳಿದವರೂ ಇಲ್ಲ. ಅದನ್ನು ನನಗೆ ಹೇಳಿದವಳು ಶಾಹೀನಳೇ.

ಎಳ್ಳ ಅಮಾವಾಸ್ಯೆಗೆ ಮಹಾದೇವಿ ಇಡೀ ತಂಡವನ್ನು ತನ್ನ ಹೊಲಕ್ಕೆ ಕರೆದಿದ್ದಳು. ಸಜ್ಜೆರೊಟ್ಟಿ, ಭಜ್ಜಿಪಲ್ಯ, ಕಡುಬು, ಹುಳಿಬಾನ ಗಂಟು ಕಟ್ಟಿಕೊಂಡು ಅವಳ ತಾಯಿ ನಮ್ಮ ಮುಂದೆ ನಡೆದರು. ಜೋಳ ಎದೆಯೆತ್ತರ ಬಂದು ತೆನೆ ಹಾಲುಗಟ್ಟುವ ಕಾಲ. ಊಟಕ್ಕೆ ಮೊದಲು ಭೂತಾಯಿಗೆ ಎಡೆಯಾಗಿ ಹೊಲದ ಸುತ್ತ ಚರಗ ಚೆಲ್ಲಿದರು. ಒಬ್ಬರು ಅನ್ನದ ತುತ್ತು ಎರಚುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದಿನವರು ನೀರು ಚಿಮುಕಿಸುತ್ತ "ಚಲ್ಲಂಬರಿಗೋ" ಎನ್ನಬೇಕು. ನಮ್ಮ ಏಳು ಹುಡುಗಿಯರು ಏಳು ಥರ ಕೂಗಿದರು. ನಮ್ಮೂರಾಗ ಹಿಂಗ, ನಮ್ಮೂರಾಗ ಹಂಗ ಎಂದು ಜಗಳವಾಡಿದರು. ನಾನಿಲ್ಲಿ ಬರೆದದ್ದು ಮಹಾದೇವಿಯ ಊರಿನದು, ಅಥವಾ ನನಗೆ ಹಾಗೆ ನೆನಪಿರುವುದು.

ಶಾಹೀನ್ ಬದುವಿನ ಮೇಲೆ ಹಿಂದೆ ಉಳಿದಳು. ಹೊಲದ ಸುತ್ತ ಬಿತ್ತಿದ್ದ ಕುಸುಬೆಯ ಮುಳ್ಳು ಅವಳ ಸಲ್ವಾರಿಗೆ ಸಿಕ್ಕಿಕೊಂಡಿತ್ತು. ಬಿಡಿಸಲು ನಾನು ಕೂತೆ.

"ಮೇಡಂ, ಒಂದ ಕೇಳ್ತೇನಿ. ನೀವು ಸರ್‌ಗೆ ಹೇಳ್ತೀರಿ?"

"ಏನು?"

"ನನಗ ಚೆಂಡ ಕೊಡಾಕ ಹೇಳ್ರಿ. ಫೈನಲ್ಲಿಗೆ ಆಯ್ಕಿ ಮಾಡಾವ್ರು ಬರ್ತಾರಂತ. ಬರೂದು ಅದೊಂದ ಮ್ಯಾಚಿಗೆ. ಕ್ಯಾಂಪಿಗೆ ಹೆಸರ ಬಂದ್ರ ಪಿ.ಇ. ಕೋರ್ಸಿಗೆ ಸ್ಪೋರ್ಟ್ಸ್ ಕೋಟಾ ಸಿಗ್ತೈತಿ. ಇಲ್ಲಾಂದ್ರ ಅಬ್ಬಾನ ಅಂಗಡೀ ಗಲ್ಲಾ ಮ್ಯಾಲ ಕೂಡೂದು ಐತಿ. ಅಬ್ಬಾ ಒತ್ತಾಯ ಮಾಡೂದಿಲ್ರಿ, ಆದ್ರ ಮತ್ತೇನ್ ಮಾಡಬೇಕು ಹೇಳ್ರಿ? ಮೂರ ವರ್ಷದಿಂದ ಓಡಾಕತ್ತೇನಿ. ನನ್ನ ಓಟಾ ಯಾರ್ ನೋಡ್ಯಾರ? ಕಾಲುವಿ ದಂಡೀ ಮ್ಯಾಲಿನ ಎಮ್ಮಿ ನೋಡ್ಯಾವ, ಅಷ್ಟ."

ಅಷ್ಟರಲ್ಲಿ ಮಹಾದೇವಿಯ ತಾಯಿ ರೊಟ್ಟಿ ತಂದರು. ಮುಳ್ಳಿನ ಕಡೆ ಕೈ ಮಾಡಿ, "ದಂಡಿಗುಂಟ ಕುಸುಬಿ ಹಾಕ್ತೇವಿ ನೋಡವಾ, ದನಾ ಹೊಲಾ ಹೊಗಬಾರದಂತ," ಎಂದರು.

ಶಾಹೀನ್ ನಕ್ಕಳು, ಆದರೆ ದನಿ ಚೂಪಾಗಿತ್ತು. "ಅಂದ್ರ ನಾನ ಈ ಟೀಮಿನ ಕುಸುಬಿ ಆದ್ನಿ. ಕಾಯೂದಷ್ಟ. ಜೋಳಾ ಅವ್ರು ಬೆಳಕೊಳ್ಳೂದು."

"ಯಾಕವಾ ಹಂಗಂತಿ? ಕುಸುಬೀನೂ ರಾಶಿ ಮಾಡ್ತೇವಿ. ಈ ಭಜ್ಜಿಗೆ ಹಾಕಿದ್ದು ಅದರದ ಎಣ್ಣಿ," ಎಂದು ಆಕೆ ರೊಟ್ಟಿಯ ಮೇಲೆ ಇನ್ನಷ್ಟು ಪಲ್ಯ ಬಡಿಸಿ ಹೋದರು.

ನಾನು ನದಾಫ್ ಸರ್‌ಗೆ ಹೇಳಿದೆ. ಅವರು ಕೇಳಿ, ಟೊಪ್ಪಿಗೆ ತೆಗೆದು, ತಲೆ ಕೆರೆದರು. "ಮೇಡಂ, ನನಗೇನ್ ಅಕಿ ಓಡೂದು ಬ್ಯಾಡಾಗೇದೇನ್ರಿ? ಆದ್ರ ಬಾಜೂಕ ಒಗದ ಚೆಂಡ ಕೈತಪ್ಪಿದ್ರ ಸೋತ್ವಿ. ಸೋತ್ರ ಫೈನಲ್ ಇಲ್ಲ. ಫೈನಲ್ ಇಲ್ಲಂದ್ರ ನೋಡಾವ್ರೂ ಇಲ್ಲ. ಮೊದಲ ಅಲ್ಲೀಮಟಾ ಹೋಗೂಣು."

ಅವರ ಲೆಕ್ಕ ಸರಿಯಾಗಿತ್ತು. ಅದರಲ್ಲಿ ಶಾಹೀನಳಿಗೆ ಸಿಗುವುದು ಏನೂ ಇರಲಿಲ್ಲ ಎಂಬುದೂ ಸರಿಯಾಗಿತ್ತು. ಆ ವಾರ ನಾನು ನನ್ನ ವಾದವನ್ನೇ ಪರೀಕ್ಷಿಸಿಕೊಂಡೆ. ಈ ಆಟ ಬೇಸರದ್ದಲ್ಲ ಎಂದು ನಾನು ಹೇಳುವುದು ನೋಡುವವಳಾಗಿ. ಆಡುವವಳಿಗೆ? ತನ್ನಲ್ಲಿರುವ ಒಂದೇ ವಿದ್ಯೆಯನ್ನು ತೋರಿಸದೆ ಇರುವುದೇ ತನ್ನ ಕೆಲಸವಾದವಳಿಗೆ? ನೋಡುಗರ ಬೇಸರದ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ಅವಳ ಬೇಸರದ ಬಗ್ಗೆ ಕೇಳಿದವರಿರಲಿಲ್ಲ.

ಫೈನಲ್ ಬಸವನ ಬಾಗೇವಾಡಿಯಲ್ಲಿ. ಎದುರಾಳಿ ಅವರದೇ ತಂಡ. ಅದರಲ್ಲಿ ಅರ್ಧ ಆಲಮಟ್ಟಿ ಕಡೆಯ ಹುಡುಗಿಯರು, ಹಿನ್ನೀರಿನಲ್ಲಿ ಈಜಿ ಬೆಳೆದ ಗಟ್ಟಿ ಮೈಯವರು. ಜೋಳ ಕೀಳುವ ಕೆಲಸ ಆಗಲೇ ಹತ್ತಿತ್ತು. ಮಹಾದೇವಿ ಎರಡು ದಿನ ಹೊಲದಲ್ಲಿದ್ದು ಅಂಗೈ ಗೀರಿಸಿಕೊಂಡು ನೇರ ಮೈದಾನಕ್ಕೆ ಬಂದಿದ್ದಳು. ಆಯ್ಕೆಗೆ ಬಂದವರು ಕಪ್ಪು ಕನ್ನಡಕದ ಒಬ್ಬ ಹೆಂಗಸು, ಮಾತು ಮೈಸೂರು ಕಡೆಯದು. ಪಂದ್ಯಕ್ಕೆ ಮುಂಚೆ ನನ್ನೊಡನೆ ನೇರವಾಗಿಯೇ ಹೇಳಿದರು: "ನಿಮ್ಮ ತಂಡದ ವಿಡಿಯೋ ಯಾರೋ ಕಳಿಸಿದ್ರು. ಗೆಲ್ತಾರೆ, ಸರಿ. ಆದ್ರೆ ಒಬ್ಬಳಿಗೂ ಇನ್ನೊಬ್ಬಳಿಗೂ ವ್ಯತ್ಯಾಸವೇ ಕಾಣಲ್ಲ. ನಾನು ಯಾರನ್ನ ಆರಿಸಲಿ? ಇಡೀ ಸಾಲನ್ನ ಕರ್ಕೊಂಡು ಹೋಗೋಕಾಗುತ್ತಾ?"

"ದಂಡೆಯಲ್ಲಿ ನಿಲ್ಲುವವಳನ್ನು ನೋಡಿ," ಎಂದೆ.

"ಅವಳೇನು ಮಾಡ್ತಾಳೆ?"

ಉತ್ತರ ನನ್ನ ಬಳಿ ಸಿದ್ಧವಿತ್ತು. ಆದರೆ ಅಷ್ಟರಲ್ಲಿ ರೆಫರಿ ಸೀಟಿ ಊದಿದರು.

ಬಾಗೇವಾಡಿಯವರು ನಮ್ಮನ್ನು ಓದಿಕೊಂಡು ಬಂದಿದ್ದರು. ಶಾಹೀನಳಿಗೆ ಚೆಂಡು ಕೊಡುವುದೇ ಇಲ್ಲವೆಂದು ಅವರಿಗೆ ಖಾತ್ರಿಯಾಗಿತ್ತು. ಅವಳ ಕಡೆ ಒಬ್ಬಳನ್ನೂ ನಿಲ್ಲಿಸಲಿಲ್ಲ. ಆರು ಜನ ಎದುರುಗಡೆ, ಒಬ್ಬಳು ಹಿಂದೆ ಕಾವಲಿಗೆ. ಆರಕ್ಕೆ ಆರು. ನಮ್ಮ ಸಾಲು ಮೊದಲ ಬಾರಿಗೆ ಗೋಡೆಗೆ ಬಡಿಯಿತು. ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಮೊದಲರ್ಧ ಸೊನ್ನೆ ಸೊನ್ನೆ. ಎರಡನೆಯ ಅರ್ಧವೂ ಹಾಗೆಯೇ ಕರಗುತ್ತಿತ್ತು. ಜನ ಎದ್ದು ಹೋಗತೊಡಗಿದ್ದರು. ಆಯ್ಕೆಯವರು ನೀರಿನ ಬಾಟಲಿಯ ಮುಚ್ಚಳ ತಿರುವುತ್ತಿದ್ದರು. ಬಾಗವಾನ ಚಾಚಾ ಮಾತ್ರ ಮೊಬೈಲ್ ಎರಡೂ ಕೈಯಲ್ಲಿ ಹಿಡಿದು, "ಫೈಲ್ ಮುಂದ ಸರಸ್ರವಾ, ಸಾಹೇಬ್ರು ಮನಿಗೆ ಹೊಂಟ್ರು!" ಎಂದು ಗೊಣಗುತ್ತಿದ್ದರು.

ಸಮಯ ಮುಗಿದ ಗಂಟೆ ಹೊಡೆಯಿತು. ಆದರೆ ಈ ಆಟದಲ್ಲಿ ಗಂಟೆಯಾದರೂ ಚೆಂಡು ಜೀವಂತವಿರುವವರೆಗೆ ಆಟ ನಿಲ್ಲುವುದಿಲ್ಲ. ಚೆಂಡು ನಮ್ಮಲ್ಲಿತ್ತು. ನದಾಫ್ ಸರ್ ಗೆರೆಯುದ್ದಕ್ಕೂ ಓಡುತ್ತ ಕೂಗುತ್ತಿದ್ದರು: "ಹಿಡೀರಿ! ಬಿಡಬ್ಯಾಡ್ರಿ! ಹಿಡೀರಿ!"

ಮಹಾದೇವಿ ಗುಂಪಿನೊಳಗಿಂದ ಚೆಂಡೆತ್ತಿದಳು. ನುಗ್ಗಲಿಲ್ಲ. ತಲೆ ಎತ್ತಿ ದಂಡೆಯ ಕಡೆ ನೋಡಿ, ಹೊಲದಲ್ಲಿ ಕೂಗುವ ದನಿಯಲ್ಲಿ "ಹುಲ್ಲುಲ್ಲಿಗೋ!" ಎಂದಳು. ಚೆಂಡು ಅಂಕಣದ ಅರ್ಧ ಅಗಲ ಹಾರಿ, ಆ ಋತುವಿನಲ್ಲಿ ಮೊದಲ ಬಾರಿಗೆ, ಶಾಹೀನಳ ಎದೆಗೆ ಬಿತ್ತು.

ಮುಂದಿನದನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದರೆ ಅದು ಸವೆದು ನುಣುಪಾಗಿದೆ, ಅದಕ್ಕೇ ಅನುಮಾನ. ಅವಳು ಓಡಿದಳು. ಅಷ್ಟು ನಿಜ. ಅವಳ ಹಿಂದೆ ಧೂಳು ಎದ್ದು ನಿಂತಿತು, ಎದ್ದು ಹೊರಟಿದ್ದ ಜನ ಅಲ್ಲಲ್ಲೇ ತಿರುಗಿದರು. ಹಿಂದೆ ಕಾವಲಿದ್ದ ಒಬ್ಬಳೇ ಆಲಮಟ್ಟಿಯ ಹುಡುಗಿ ಅಡ್ಡಡ್ಡ ಓಡಿಬಂದು, ಗೆರೆ ಇನ್ನೇನು ಬಂತು ಎನ್ನುವಲ್ಲಿ ಶಾಹೀನಳ ಕಾಲಿಗೆ ಬಿದ್ದಳು. ಶಾಹೀನ್ ಮುಗ್ಗರಿಸಿದಳು. ಮುಂದೆ ಗೆರೆ, ಒಂದು ತೋಳಿನಷ್ಟು ದೂರ. ಹಿಂದೆ ಅವಳ ತಂಡ. ಅವಳು ಗೆರೆಯ ಕಡೆ ಕೈ ಚಾಚಲಿಲ್ಲ. ಬೀಳುತ್ತಲೇ ಮೈ ತಿರುವಿ, ಚೆಂಡನ್ನು ಹಿಂದಕ್ಕೆ, ಕೈ ಮುಟ್ಟುವಷ್ಟು ದೂರ ಇಟ್ಟಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಮಹಾದೇವಿ ಇದ್ದಳು. ಅವಳು ಎತ್ತಿದಳು, ಎಂದಿನಂತೆ ಎರಡು ಹೆಜ್ಜೆ ನುಗ್ಗಿದಳು, ಬಿದ್ದಳು. ಗೆರೆಯಾಚೆ.

ನಾನು ನಿಂತಿದ್ದದ್ದು ಎದುರು ದಂಡೆಯಲ್ಲಿ. ಅಷ್ಟು ದೂರದಿಂದ, ಧೂಳಿನಲ್ಲಿ, ಶಾಹೀನಳ ಕೈ ಯಾವ ಕಡೆ ಹೋಯಿತೆಂದು ನನಗೆ ಕಂಡಿರಲು ಸಾಧ್ಯವೇ? ಬಹುಶಃ ಇಲ್ಲ. ಬಹುಶಃ ಆಮೇಲೆ ಕೇಳಿದ ಮಾತುಗಳು ಸೇರಿ ಈ ಚಿತ್ರ ಆಗಿದೆ. ಮಾತುಗಳಂತೂ ಸ್ಪಷ್ಟವಾಗಿ ನೆನಪಿವೆ. ಅವನ್ನು ಅಂದೇ ಬರೆದಿಟ್ಟುಕೊಂಡೆ.

ನದಾಫ್ ಸರ್ ಸಿಟ್ಟಿನಲ್ಲೋ ಅಳುವಿನಲ್ಲೋ ಕೇಳಿದರು: "ನಾ ಹಿಡೀರಿ ಅಂದಿದ್ನೆಲ್ಲ?"

"ಹಿಡದಿದ್ವೆಲ್ರಿ ಸರ್. ದೀಪಾವಳಿಯಿಂದ ಹಿಡದೀವಿ," ಎಂದಳು ಮಹಾದೇವಿ.

ನಾನು ಅವಳನ್ನು ಪಕ್ಕಕ್ಕೆ ಕರೆದು, ಶಾಹೀನಳಿಗೋಸ್ಕರ ಒಗೆದೆಯಾ ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಲ್ಲಿ ಯಾರೂ ಇರಲಿಲ್ರಿ ಮೇಡಂ. ಇಷ್ಟ ದಿನಾ ಇರ್ತಿದ್ರು, ಇವತ್ತ ಇರಲಿಲ್ಲ."

ಶಾಹೀನಳನ್ನು ಆಯ್ಕೆಯವರು ಕೇಳಿದರು, ಗೆರೆ ಅಷ್ಟು ಹತ್ತಿರವಿತ್ತು, ಕೈ ಯಾಕೆ ಚಾಚಲಿಲ್ಲ ಎಂದು. ಅವಳು ಇನ್ನೂ ಏದುಸಿರು ಬಿಡುತ್ತಿದ್ದಳು. "ಚಾಚಿದ್ರ ಗೆರಿ ಸಿಗ್ತಿತ್ತೋ ಇಲ್ಲೋ ಗೊತ್ತಿರಲಿಲ್ರಿ. ಹಿಂದ ಇಟ್ರ ಮಾದೇವಿ ಬರ್ತಾಳ ಅನ್ನೂದು ಗೊತ್ತಿತ್ತು."

ಆ ಹೆಂಗಸು ಕನ್ನಡಕ ತೆಗೆದರು. ಅವಳ ಪೂರ್ತಿ ಹೆಸರು ಕೇಳಿಕೊಂಡರು. ನನ್ನ ಕಡೆ ತಿರುಗಿ, "ಓಡೋರು ಎಲ್ಲ ಜಿಲ್ಲೇಲೂ ಸಿಗ್ತಾರೆ," ಎಂದಷ್ಟೇ ಹೇಳಿ ಕಾರು ಹತ್ತಿದರು. ಶಾಹೀನ್ ಶಿಬಿರಕ್ಕೆ ಹೋದಳು. ಕೋರ್ಸೂ ಸಿಕ್ಕಿತು. ಮಹಾದೇವಿಯ ಹೆಸರನ್ನು ಆ ದಿನ ಯಾರೂ ಕೇಳಲಿಲ್ಲ. ಅವಳು ಸಂಜೆಯ ಬಸ್ಸಿಗೇ ಊರಿಗೆ ಹೋದಳು, ಕಿತ್ತ ಜೋಳ ಇನ್ನೂ ಹೊಲದಲ್ಲಿತ್ತು. ಈಗ ಮುಳವಾಡದ ಬಳಿ ಶಾಲಾ ಶಿಕ್ಷಕಿ. ಫೋನಿನಲ್ಲಿ ಒಮ್ಮೆ ಆ ವಿಷಯ ಎತ್ತಿದಾಗ, "ನನಗ ಅದರ ಖ್ಯಾಲ, ಆಸಿ ಏನೂ ಇರಲಿಲ್ರಿ," ಎಂದಳು. ಇರಲಿಲ್ಲವೋ, ಈಗ ಇಲ್ಲವೋ ನಾನು ಕೆದಕಲಿಲ್ಲ. ಸಾಲಿನ ಆಟಕ್ಕೆ ತೆರುವ ಬೆಲೆ ಅದು. ಬೇಸರ ಎನ್ನುವವರು ಆ ಬೆಲೆಯ ಬಗ್ಗೆ ಮಾತಾಡಿದ್ದರೆ ನಾನು ಕೇಳಿಸಿಕೊಳ್ಳುತ್ತಿದ್ದೆ.

ಇಷ್ಟನ್ನೂ ನಾನು ಇಂಡಿಯ ಅಂಗಡಿಯಲ್ಲಿ ಕೂತು ನೆನೆಯುತ್ತಿದ್ದಾಗ ಚಾಚಾ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಹಳೆಯ ಮೊಬೈಲ್ ತೆಗೆದರು. "ಶಾಹೀನ್ ಈಗ ಮುದ್ದೇಬಿಹಾಳದಾಗ ಸಾಲೀ ಪಿ.ಇ. ಟೀಚರ್ ಆಗ್ಯಾಳ್ರಿ. ಹೋಗಿ ನೋಡಿದ್ನಿ. ಆ ಹುಡುಗ್ಯಾರಿಗೂ ಅದ ಬ್ಯಾಸರದ ಆಟಾ ಕಲಸಾಕತ್ತಾಳ. ಬೀಳ್ರಿ, ಏಳ್ರಿ, ಬೀಳ್ರಿ, ಏಳ್ರಿ. ನಾ ಅಂದ್ನಿ, ಬೇಟಿ, ಓಡೂದು ಕಲಸು. ಅಕಿ ಅಂತಾಳ, ಅಬ್ಬಾ, ಓಡೂದು ಬರ್ತೈತಿ, ಕಲಸೂದು ಇದನ್ನ." ನಗುತ್ತ ತೆರೆ ನನ್ನ ಕಡೆ ತಿರುಗಿಸಿದರು. "ಫೈನಲ್ ಐತಿ. ಪೂರಾ ಐತಿ."

ನೋಡಿದೆ. ಆ ಬೇಸರದ ಆಟ ಒಂದು ಕ್ಷಣವೂ ಬಿಡದೆ ಅಲ್ಲಿತ್ತು. ಅಲುಗದ ಕೈಯಲ್ಲಿ, ಅಷ್ಟು ಬೈಯುತ್ತಲೇ, ಆತ ಪ್ರತಿ ಬೀಳುವಿಕೆಯನ್ನೂ ಪ್ರತಿ ಏಳುವಿಕೆಯನ್ನೂ ಹಿಡಿದಿದ್ದರು. ಮಹಾದೇವಿಯ ಅಂಗೈಗೆ ಕಟ್ಟಿದ ಬಟ್ಟೆ ಕೂಡ ಕಾಣುತ್ತಿತ್ತು. ಗಂಟೆ ಹೊಡೆಯಿತು. "ಹುಲ್ಲುಲ್ಲಿಗೋ" ಕೇಳಿಸಿತು. ಚೆಂಡು ಗಾಳಿಗೆ ಏರಿತು.

ಅಲ್ಲಿಂದ ತೆರೆಯ ತುಂಬ ಆಕಾಶ. ಆಮೇಲೆ ಧೂಳು, ಚಾಚಾರ ಚಪ್ಪಲಿ, ಮತ್ತೆ ಆಕಾಶ. "ಓಡು ಬೇಟಾ! ಓಡವ್ವಾ! ಯಾ ಅಲ್ಲಾ, ಓಡು!" ಎಂದು ಅವರದೇ ದನಿ. ಕುಣಿದಾಡುವಾಗ ಕೈಯಲ್ಲಿ ಮೊಬೈಲ್ ಇದ್ದದ್ದನ್ನೇ ಮರೆತಿದ್ದರು. ಇಡೀ ಋತುವಿನಲ್ಲಿ ಅವರು ಕಾದಿದ್ದ ಆ ಓಟದ ಒಂದು ಹೆಜ್ಜೆಯೂ ಅದರಲ್ಲಿರಲಿಲ್ಲ.

ಚಾಚಾ ಮಾತ್ರ ಖಾಲಿ ನೀಲಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. "ಇಲ್ಲಿ ಹೊಂಟ್ಳು ನೋಡ್ರಿ... ಇಲ್ಲಿ ಅಕಿ ಕೈಗೆ ಸಿಗಲಿಲ್ಲ... ಈಗ ದಾಟಿದ್ಳು!" ತೆರೆ ಮತ್ತೆ ನೆಲಕ್ಕಿಳಿದಾಗ ಗೆರೆಯಾಚೆ ಹುಡುಗಿಯರ ರಾಶಿ ಬಿದ್ದಿತ್ತು. "ಎಲ್ಲಾರೂ ಖುಷೀಲೆ ಅಕೀ ಮ್ಯಾಲ ಬಿದ್ದಾರ."

ರಾಶಿಯ ಅಡಿಯಿಂದ ಹೊರಗೆ ಚಾಚಿದ್ದ ಒಂದು ಅಂಗೈಗೆ ಬಟ್ಟೆ ಕಟ್ಟಿತ್ತು. ನಾನದನ್ನು ನೋಡಿದೆ.

ಅವರು ಮೊಬೈಲ್ ಇಳಿಸಿ, ನಿಂಬೆಹಣ್ಣೊಂದನ್ನು ಹೋಳು ಮಾಡಿ ನನ್ನ ಕೈಗಿಟ್ಟರು. "ಬ್ಯಾಸರ ಆತೇನ್ರಿ?"

"ಇಲ್ಲ. ಇನ್ನೊಮ್ಮೆ ಹಚ್ಚಿ."

"ಎಲ್ಲಿಂದ? ಓಡೂದರಿಂದ?"

"ಮೊದಲಿನಿಂದ," ಎಂದೆ.